ಜನರಲರ ಎರಡನೆಯ ಈಡು

ಆನೆಚೌಕೂರು ಗೇಟಿನಲ್ಲಿ ಮೈಸೂರು ಮುಗಿದು, ಆಗಿನ್ನೂ ಬೇರೆಯಾಗಿದ್ದ ಕೊಡಗು ರಾಜ್ಯ ಆರಂಭವಾಯಿತು. ತಿತಿಮತಿ ದಾಟುತ್ತಲೇ ಕಾಫಿ ಹೂವಿನ ಪರಿಮಳ ಬಸ್ಸಿನೊಳಗೆ ನುಗ್ಗಿತು. ವಿರಾಜಪೇಟೆಯಲ್ಲಿ ಬಸ್ಸು ಬದಲಿಸಿ ಸಿದ್ದಾಪುರ ತಲುಪುವಾಗ ಸಂಜೆಯಾಗಿತ್ತು.

ನಾನು ಹೊರಟದ್ದು ಕಾಲೇಜಿನ ಗೆಳತಿಯ ಅಜ್ಜನ ಜೀವನ ಕೇಳಲು. ಸೈನ್ಯದಲ್ಲಿ ಅವರು ಸುಬೇದಾರರಷ್ಟೇ. ಯುದ್ಧಕಾಲದಲ್ಲಿ ಬರ್ಮಾ ಗಡಿಯ ಗುಡ್ಡಗಳಲ್ಲಿ ಬೇಸಾಯದ ಜನರನ್ನೇ ಸೇರಿಸಿ ಕಾವಲು ಪಡೆ ಕಟ್ಟಿದ್ದರು. ಆ ಜನ ಅವರನ್ನು ಜನರಲ್ ಎಂದರು. ಊರಿಗೆ ಬಂದ ಮೇಲೂ ಅದೇ ಹೆಸರು ಉಳಿಯಿತು.

"ಯುದ್ಧ ಅಂದರೆ ಮಳೆ, ಜಿಗಣೆ. ಬೇರೆ ಎಂತದೂ ಇಲ್ಲ," ಎಂದು ಆ ರಾತ್ರಿ ಅಜ್ಜ ಮಾತು ಮುಗಿಸಿದರು.

"ಇವರನ್ನು ಕೇಳಿದರೆ ಅಷ್ಟೇ ಮಗಳೇ, ನನ್ನನ್ನು ಕೇಳು," ಎಂದು ಅಜ್ಜಿ ರೊಟ್ಟಿಯ ತಟ್ಟೆ ಇಟ್ಟು ಕೂತರು. "ಇವರು ಹೋದರು ಅಂತ ತಂತಿ ಬಂತು. ಈ ಅಂಗಳದಲ್ಲೇ ಜೋಡಿ ಈಡು ಹೊಡೆದರು. ನಾನು ಬಳೆ ತೆಗೆದಿಟ್ಟೆ. ಆಮೇಲೆ ಒಂದು ದಿನ ನೋಡಿದರೆ ಈ ಮಹಾರಾಯರು ಗಡ್ಡ ಬಿಟ್ಟುಕೊಂಡು ಗೇಟಿನ ಹತ್ತಿರ ನಿಂತು, ನಾಯಿ ಕಟ್ಟು ಅಂತ ಕೂಗ್ತಾ ಇದ್ದಾರೆ!"

ಇಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು, ಅಂದರೆ ಕೋವಿಯ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು. ಅದನ್ನು ಕೇಳಿದವರು ಕೈಕೆಲಸ ಬಿಟ್ಟು ಬರುತ್ತಾರೆ.

"ಈಗಲೂ ಜೋಡಿ ಈಡು ಕೇಳಿದರೆ ನನ್ನ ಕಾಲು ಸೋಲ್ತದೆ," ಎಂದರು ಅಜ್ಜಿ. ಅಜ್ಜ ರೊಟ್ಟಿಯನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಹೂ ತೋರಿಸಲು ಅಜ್ಜ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಹೆಗಲಲ್ಲಿ ಜೋಡು ನಳಿಗೆಯ ಕೋವಿಯಿತ್ತು. ಗಿಡಗಳು ಬೆಳ್ಳಗಾಗಿದ್ದವು, ಜೇನುಹುಳುಗಳ ಸದ್ದು ಬಿಟ್ಟರೆ ಎಲ್ಲ ಮೌನ. ಹಲಸಿನ ಮರದಾಚೆ ಕೊಂಬೆ ಮುರಿಯಿತು. ಇದನ್ನು ಬರೆಯುವಾಗಲೂ ಆ ಲಟಕ್ ಸದ್ದಿಗೆ ನನ್ನ ಲೇಖನಿ ನಿಲ್ಲುತ್ತದೆ. ಒಂಟಿ ಸಲಗ. ಕಿವಿ ಅಗಲಿಸಿ ನೇರವಾಗಿ ನಮ್ಮತ್ತಲೇ ಬಂತು.

ಅಜ್ಜ ನನ್ನನ್ನು ಮರದ ಹಿಂದೆ ತಳ್ಳಿ ಆಕಾಶಕ್ಕೆ ಗುಂಡು ಹಾರಿಸಿದರು. ಆನೆ ಕ್ಷಣ ತಡೆದು ಮತ್ತೆ ಮುಂದೆ ಬಂತು. ಎರಡನೆಯ ನಳಿಗೆಯ ಗುಂಡು ಹಾರಿಸುವ ಕುದುರೆಯ ಮೇಲೆ ಅವರ ಬೆರಳು ನಿಂತೇ ಇತ್ತು. ಯಾಕೆ ಹೊಡೆಯುತ್ತಿಲ್ಲ ಎಂದು ನಾನು ಕಿರುಚಿದೆ. ಕಾಫಿ ಗಿಡಗಳು ನನ್ನೆದುರೇ ಮುರಿದುಬಿದ್ದವು. ಅವರು ಕಣ್ಣು ಮುಚ್ಚಿ ಹೊಡೆದರು.

ಸಲಗ ಘೀಳಿಟ್ಟು ಕಾಡಿನತ್ತ ತಿರುಗಿತು.

ಅಜ್ಜನ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೆ ಅವರು ಆನೆ ಹೋದ ಕಡೆ ನೋಡುತ್ತಿರಲಿಲ್ಲ.

"ಅವಳು ಕೇಳಿರ್ತಾಳೆ," ಎಂದರು. "ನಡಿ ಮಗಳೇ, ಬೇಗ ನಡಿ!"

ಆ ವಯಸ್ಸಿನಲ್ಲಿ ಅವರು ಓಡಿದರು. ಗದ್ದೆಯ ಬದುವಿನ ಮೇಲೆ ಜನ ಆಗಲೇ ಮನೆಯತ್ತ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ, ಬರಿಗಾಲಲ್ಲಿ, ಅಜ್ಜಿ ತೋಟದ ಕಡೆ ಓಡಿಬರುತ್ತಿದ್ದರು. ಗಂಡನನ್ನು ಕಂಡಲ್ಲೇ ಕುಸಿದು ಕೂತರು. ಅಜ್ಜ ಕೋವಿ ಬಿಸಾಡಿ ಪಕ್ಕದ ಮಣ್ಣಿನಲ್ಲೇ ಕೂತರು.

"ಮೂರನೆಯದು ಹೊಡೆಯಬಾರದಿತ್ತಾ? ನನಗೆ ತಿಳೀತಿತ್ತಲ್ಲ!"

"ಕೋವಿಗೆ ಬೇರೆ ತೋಟಾ ಇರಲಿಲ್ಲ ಮಾರಾಯ್ತಿ."

"ದೊಡ್ಡ ಜನರಲ್!" ಎಂದು ಬೈದ ಅಜ್ಜಿ ಅವರ ಎದೆಯ ಮೇಲೆ ಕೈಯಿಟ್ಟು ನೋಡಿದರು. ಬೈಗುಳ ಅಳುವಾಯಿತು.

ಓಡಿಬಂದ ಪಕ್ಕದ ಮನೆಯ ಮುದುಕರು ಉಸಿರು ಬಿಟ್ಟು ಹೇಳಿದರು: "ಸತ್ತ ಮನೆಯಲ್ಲಿ ಒಲೆ ಹಚ್ಚೋದಿಲ್ಲ. ಬದುಕಿದ್ದೀರಲ್ಲ, ಎಲ್ಲರಿಗೂ ಕಾಫಿಯಾದರೂ ಕೊಡಿ."

ಎಲ್ಲರೂ ಮನೆಗೆ ಬಂದು ಕಾಫಿ ಕುಡಿದರು, ಅಂಗಳ ತುಂಬ ನಗು. ನನಗಾಗಿ ಹಾರಿಸಿದ ಆ ಈಡಿಗೆ ಅವರು ಏನನ್ನು ಪಣಕ್ಕಿಟ್ಟಿದ್ದರೆಂದು ಆಗ ತಿಳಿಯಿತು.

ಮರುದಿನ ಇಬ್ಬರೂ ಸಿದ್ದಾಪುರದವರೆಗೆ ಬಂದು ನನ್ನನ್ನು ಬಸ್ಸು ಹತ್ತಿಸಿದರು. ಕಿಟಕಿಯಿಂದ ತಿರುಗಿ ನೋಡಿದೆ. ಅಜ್ಜ ಕೈಬೀಸಲು ಬಲಗೈ ಎತ್ತಹೋದರು. ಅಜ್ಜಿ ಅದೇ ತೋಳನ್ನು ಹಿಡಿದುಕೊಂಡಿದ್ದರು, ಬಿಡಲಿಲ್ಲ. ಅವರು ಎಡಗೈ ಬೀಸಿದರು.