ಕಾಶಿಗೆ ಕಳಿಸಿದ ಅತ್ತಿಗೆಗಾಗಿ ಹೊಲಿದ ಕೌದಿಗಳು

ನೀವು ರಜೆಗೆ ಬಂದಾಗ ಟಿವಿಯಲ್ಲಿ ಒಂದು ಚಾನೆಲ್ ಬಂದ ಕೂಡಲೇ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. "ಅಜ್ಜಿ ಮುನಿಸ್ಕೊಂಡಾಳ" ಎಂದು ನಗುತ್ತೀರಿ. ಮುನಿಸು ಹೌದು. ಯಾಕೆಂದು ಕೇಳಿದಾಗ ಎದುರು ಕೂತು ಹೇಳಲು ನನಗೆ ಬರಲಿಲ್ಲ. ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಾಲ್ಕು ಮಂದಿಯ ಮುಂದೆ ಬಾಯಿ ಕಟ್ಟುತ್ತದೆ, ಬರೆಯಲು ಕೂತರೆ ಅಷ್ಟು ಕಷ್ಟವಾಗುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ಅಜ್ಜ ಹೋದ ಮೇಲೆ ಸಂಜೆಗಳು ನನಗೆ ಬಹಳ ಉದ್ದವಾದವು. ಪಕ್ಕದ ಮನೆಯ ಅಂಗನವಾಡಿ ಟೀಚರ್ ನನ್ನನ್ನು ಧಾರಾವಾಹಿ ನೋಡಲು ಕರೆಯತೊಡಗಿದಳು. ಓಣಿಯ ಹೆಂಗಸರೆಲ್ಲ ಅವಳ ಪಡಸಾಲೆಯಲ್ಲಿ ಕೂಡುತ್ತಿದ್ದರು. ನಾನು ಎಲ್ಲರ ಹಿಂದೆ, ಬಾಗಿಲ ಹತ್ತಿರ ಕೂರುತ್ತಿದ್ದೆ.

ಆ ಧಾರಾವಾಹಿಯ ಮನೆಯಲ್ಲಿ ಗಂಡ ಸತ್ತ ಹಿರಿಸೊಸೆಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಅತ್ತಿಗೆ ಎನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಮೊದಮೊದಲು ಅವಳಿಗೆ ಅಡುಗೆ ಮಾಡುವುದು, ಬಡಿಸುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಆಮೇಲೆ ಒಂದು ದಿನ ಅವಳು ಆಟೋ ಕಲಿಯುತ್ತೇನೆ ಎಂದಳು. ಅತ್ತೆ ಬೈದಳು, ಮೈದುನ ನಕ್ಕ, ಆದರೂ ಅವಳು ಕಲಿತಳು. ಗಾಡಿ ಮೊದಲ ಸಲ ನೆಟ್ಟಗೆ ಓಡಿದ ದಿನ ನಮ್ಮ ಪಡಸಾಲೆಯಲ್ಲಿ ಬೆಲ್ಲ ಹಂಚಿದರು. ಇನ್ನು ಲೈಸೆನ್ಸ್ ಒಂದು ಬಾಕಿ ಇತ್ತು.

ನಮ್ಮ ಜೊತೆ ನೋಡುವವರಲ್ಲಿ ಕೆಳಗಿನ ಓಣಿಯ ಒಬ್ಬ ಹುಡುಗಿಯೂ ಇದ್ದಳು. ತೊಗರಿ ಕೊಯ್ಲಿಗೆ ಕೂಲಿಗೆ ಬರುವವಳು, ಬುದ್ಧನ ಫೋಟೋಕ್ಕೆ ಕೈ ಮುಗಿದು ಕೆಲಸಕ್ಕೆ ಹೊರಡುವ ಮನೆಯವಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದಳು, ಒಂದು ಕೂಸು ಇತ್ತು. ಮೊದಲು ಅವಳು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದಳು. ಟೀಚರ್ ಬೈದು ಒಳಗೆ ಕೂರಿಸಿದಳು. ಅವಳ ಅಣ್ಣನದೊಂದು ಟಂಟಂ ಇತ್ತು, ಊರೂರಿಗೆ ಮಂದಿ ಒಯ್ಯುವ ದೊಡ್ಡ ಆಟೋ. ಅದನ್ನು ಹೊಲದ ದಾರಿಯಲ್ಲಿ ಅವಳು ಚೆನ್ನಾಗಿಯೇ ಓಡಿಸುತ್ತಿದ್ದಳು. ಆದರೆ ಜೇವರ್ಗಿಯ ರಸ್ತೆಗೆ ಇಳಿಯಬೇಕೆಂದರೆ ಲೈಸೆನ್ಸ್ ಬೇಕು. ಕಲಿಸುವವರ ಫೀಸು, ಕಲಬುರಗಿಗೆ ಓಡಾಡುವ ಖರ್ಚು ಅವಳಿಂದ ಆಗುತ್ತಿರಲಿಲ್ಲ. "ಅತ್ತಿಗಿ ತಗೊಂಡ ದಿವ್ಸ ನಾನೂ ಹ್ಯಾಂಗರ ಮಾಡಿ ತಗೋತೇನಿ" ಎನ್ನುತ್ತಿದ್ದಳು.

ಒಂದು ಸಂಜೆ ಅತ್ತಿಗೆ ಅತ್ತೆಯ ಕಾಲಿಗೆ ಬಿದ್ದಳು. ಮನಸ್ಸು ಕಾಶಿಯ ಕಡೆ ಎಳೆಯುತ್ತಿದೆ ಎಂದಳು, ಚೀಲ ಹಿಡಿದು ಹೊರಟಳು. ಅಷ್ಟಕ್ಕೇ ಅವಳ ಕಥೆ ಮುಗಿಯಿತು. ಮರುದಿನ ಆ ಮನೆಯವರೆಲ್ಲ ಸಾಲಾಗಿ ಕೂತು ಊಟ ಮಾಡಿದರು. ಬಡಿಸುವವಳು ಎಲ್ಲಿ ಹೋದಳೆಂದು ಒಬ್ಬರೂ ಕೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಆ ಊಟ ನೋಡಿ.

ಟೀಚರ್ ಫೋನ್ ನೋಡಿ ಹೇಳಿದಳು: "ವಿಧವಿ ಆಟೋ ಹೊಡಿಯೋದು, ಕುಂಕುಮ ಹಚ್ಕೊಳ್ಳೋದು ಮಂದಿಗಿ ಸೇರ್ಲಿಲ್ಲಂತ. ಅದಕ್ಕ ತಗದಾರ."

"ಯಾವ ಮಂದಿ ಬೇ? ನಾವ್ ಮಂದಿ ಅಲ್ಲೇನು?" ಎಂದಳು ದೊಡ್ಡಮನೆಯ ಮುದುಕಿ. ಅವಳನ್ನು ಊರೆಲ್ಲ ಅವ್ವ ಎನ್ನುತ್ತದೆ. ಗಂಡ, ಮಕ್ಕಳು, ಮೊಮ್ಮಕ್ಕಳು ತುಂಬಿದ ಮನೆ ಅವಳದು. "ಅಕಿ ಕೈಯಾಗಿನ ರೊಟ್ಟಿ ತಿಂದು ಅಕಿನ್ನೇ ಹೊರಗ ಹಾಕ್ಯಾರ, ಹರಾಮಖೋರರು."

ಫೋನಿನಲ್ಲಿ ಚಾನೆಲ್‌ಗೆ ಬೈಗುಳ ಸುರಿಯುತ್ತಿದ್ದವಂತೆ. ಬೇರೆ ಜಿಲ್ಲೆಗಳ ಕೆಲವು ಹೆಂಗಸರು ಮಾತ್ರ ಇನ್ನೊಂದು ದಾರಿ ಹಿಡಿದಿದ್ದರು. ಅತ್ತಿಗೆಯ ಹೆಸರಿನಲ್ಲಿ ಹಣ ಕೂಡಿಸಿ ಯಾರಿಗಾದರೂ ನೆರವಾಗುವುದು, ಅದರ ಫೋಟೋ ಚಾನೆಲ್‌ಗೆ ಕಳಿಸುವುದು.

"ಬೈಗುಳ ಓದಿ ಅವ್ರು ನಗ್ತಾರ್ರಿ" ಎಂದಳು ಟೀಚರ್. "ದಾನ ಮಾಡಿ ಫೋಟೋ ಕಳಿಸಿದ್ರ ಮಾರಿ ಎಲ್ಲಿ ಇಟ್ಕೋಬೇಕು ತಿಳಿಯಂಗಿಲ್ಲ ಅವ್ರಿಗಿ."

ಆ ಹುಡುಗಿ ಕೂಸನ್ನು ಎತ್ತಿಕೊಂಡು ಹೊರಡುತ್ತ ನಕ್ಕಳು. "ನನ್ನ ಲೈಸೆನ್ಸೂ ಕಾಶಿಗಿ ಹೋಯ್ತು ಬಿಡ್ರಿ."

"ಅಕಿಂದು ಹೋಗ್ಲಿ. ನಿಂದು ನಾವು ತರಾಮು" ಎಂದೆ ನಾನು. ಬಾಗಿಲ ಹತ್ತಿರದಿಂದ ಬಂದ ದನಿ ಯಾರದೆಂದು ಎಲ್ಲರೂ ಹೊರಳಿ ನೋಡಿದರು. ನನಗೆ ಕಿವಿ ಬಿಸಿಯಾಯಿತು. ಆದರೆ ಹೇಳಿಯಾಗಿತ್ತು.

ನಮ್ಮ ಹತ್ತಿರ ಮಾರುವಂಥದ್ದು ಏನಿತ್ತು? ಕೌದಿ ಹೊಲಿಯುವ ಕೈಗಳಿದ್ದವು. ಚಳಿಗಾಲದಲ್ಲಿ ಗಾಣಗಾಪುರಕ್ಕೆ ಬರುವ ಯಾತ್ರಿಕರು ಜಗಲಿಗಳ ಮೇಲೆ ಮಲಗುತ್ತಾರೆ, ಅವರಿಗೆ ಹೊದಿಕೆ ಬೇಕು. ಧಾರಾವಾಹಿ ನೋಡುತ್ತಿದ್ದ ಮನೆಮನೆಗೂ ಹೋಗಿ ಹಳೆಯ ಸೀರೆ ಕೇಳಿದೆವು. ಕೇಳುವ ಕೆಲಸ ಟೀಚರದು, ಗಂಟು ಹೊರುವುದು ನನ್ನದು. ನಾನು ನನ್ನ ಪೆಟ್ಟಿಗೆಯ ತಳದಲ್ಲಿದ್ದ ಕೆಂಪು ಇಳಕಲ್ ಸೀರೆ ತೆಗೆದುಕೊಟ್ಟೆ. ಅವ್ವನ ಪಡಸಾಲೆಯಲ್ಲಿ ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿದೆವು. ಪ್ರತಿ ಕೌದಿಯ ಮೂಲೆಗೆ ಹಳದಿ, ಕರಿ ಬಟ್ಟೆ ಕತ್ತರಿಸಿ ಒಂದು ಸಣ್ಣ ಆಟೋ ಕೂರಿಸಿದೆವು. ಆ ಹುಡುಗಿ ಕತ್ತರಿಸಿದ ಆಟೋಕ್ಕೆ ಗಾಲಿ ದೊಡ್ಡದಾಗಿತ್ತು. "ಇದೇನ್ ಬೇ, ಟ್ರ್ಯಾಕ್ಟರ್ ಮಾಡೀದಿ?" ಎಂದು ಅವ್ವ ಕಾಡಿಸಿದಳು. "ನಮ್ಮ ರೋಡಿಗಿ ಇಂಥಾದೇ ಬೇಕ್ರಿ" ಎಂದಳು ಅವಳು.

ಕೌದಿಗೆ ನಮ್ಮಲ್ಲಿ ಒಂದು ಪದ್ಧತಿ ಇದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಹೊಲಿಗೆ ನಡುವಿಗೆ ಬಂದು ಮುಟ್ಟಿದಾಗ ಒಂದು ಬೆರಳು ಹೋಗುವಷ್ಟು ಜಾಗ ಬಿಡುತ್ತೇವೆ. ಅದರಲ್ಲಿ ನಾಲ್ಕು ಕಾಳು ಜೋಳ ಹಾಕಿ ಕೊನೆಯ ಹೊಲಿಗೆ ಹಾಕುತ್ತೇವೆ. ಕೌದಿಯ ಉಡಿ ತುಂಬುವುದು ಎನ್ನುತ್ತೇವೆ ಅದಕ್ಕೆ. ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲವಂತೆ. ಉಡಿ ಎಂದ ಮೇಲೆ ಅದನ್ನು ತುಂಬುವುದು ಮುತ್ತೈದೆಯ ಕೈ.

ನನ್ನ ಕೆಂಪು ಸೀರೆಯ ಕೌದಿ ಮೊದಲು ಮುಗಿಯಲು ಬಂತು. ಅದರ ಹೊಲಿಗೆ ಹೆಚ್ಚುಪಾಲು ನನ್ನದೇ. ಅವ್ವ ಜೋಳದ ಬಟ್ಟಲು ಹಿಡಿದು ಕರೆದಳು: "ಟೀಚರ್, ನೀ ಬಾ ಬೇ. ಮುತ್ತೈದಿ ಕೈ ಆಗ್ಲಿ."

ನಾನು ಸೂಜಿ ಚುಚ್ಚಿಟ್ಟು ಏಳಲು ಹೊರಟೆ. ಯಾರೂ ನನಗೆ ಏಳು ಎಂದಿರಲಿಲ್ಲ. ಹೀಗೆ ಏಳುವುದು ಮೈಗೆ ರೂಢಿಯಾಗಿತ್ತು. ಅಷ್ಟರಲ್ಲಿ ಕೌದಿಯ ಆಚೆ ಬದಿಯಿಂದ ಆ ಹುಡುಗಿಯೂ ಎದ್ದು ಗೋಡೆಯ ಕಡೆ ಸರಿಯುತ್ತಿದ್ದಳು. ಅವಳು ಎದ್ದದ್ದನ್ನು ಕಂಡು ನಾನು ಕೂತುಬಿಟ್ಟೆ.

"ಅವ್ವಾ, ಈ ಕೌದಿ ಯಾರ ಹೆಸರಿಂದು?" ಎಂದು ಕೇಳಿದೆ.

"ಅತ್ತಿಗಿ ಹೆಸರಿಂದು. ಯಾಕ?"

"ಅಕಿ ಈಗ ಇಲ್ಲಿ ಬಂದು ಕೂತಿದ್ರ, ಅಕಿನ್ನೂ ಎಬ್ಬಸ್ತಿದ್ದಿರೇನ್ರಿ?"

ಅವ್ವ ಬಟ್ಟಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. "ರೂಢಿ ನಾ ಮಾಡಿದ್ದಲ್ಲ ಬೇ. ನಾಳೆ ತಗೊಳ್ಳೋರು ಕೇಳ್ತಾರ, ಉಡಿ ಯಾರು ತುಂಬ್ಯಾರ ಅಂತ. ಆಗ ಏನಂತಿ?"

"ನಾ ತುಂಬೀನಿ ಅಂತೇನಿ."

"ಮಾರಾಟ ಆಗಂಗಿಲ್ಲ. ಈ ಹುಡುಗಿ ಲೈಸೆನ್ಸ್ ನಿನ್ನ ಹಟದಾಗ ಹೋಗ್ತದ, ನೋಡು."

ಆ ಮಾತು ನನಗೆ ಚುಚ್ಚಿತು. ನಾನು ಆ ಹುಡುಗಿಯ ಮುಖ ನೋಡಿದೆ. ಅವಳು ಗೋಡೆ ಬಿಟ್ಟು ಬಂದು ಕೌದಿಯ ಅಂಚು ಹಿಡಿದು ಕೂತಳು. "ಹೋದ್ರ ಹೋಗ್ಲಿ, ತುಂಬ್ರಿ ಅಮ್ಮ" ಎಂದಳು. ನಾನು ಬಟ್ಟಲಿಗೆ ಕೈ ಚಾಚಿದೆ. ಅವ್ವ ಕೊಡಲಿಲ್ಲ, ಆದರೆ ಹಿಂದಕ್ಕೂ ಎಳೆಯಲಿಲ್ಲ. ಅದರಿಂದ ನಾಲ್ಕು ಕಾಳು ತೆಗೆದು ತುಂಬಿದೆ. ಕೊನೆಯ ಹೊಲಿಗೆಯನ್ನೂ ನಾನೇ ಹಾಕಿದೆ. ಉಳಿದ ಕೌದಿಗಳ ಉಡಿಯನ್ನೂ ನಾನು, ಆ ಹುಡುಗಿ ಇಬ್ಬರೇ ತುಂಬಿದೆವು.

ಗಾಣಗಾಪುರಕ್ಕೆ ಬಸ್ಸಿನಲ್ಲಿ ಹೋದವರು ಮೂವರು: ಟೀಚರ್, ಆ ಹುಡುಗಿ ಮತ್ತು ನಾನು. ಗುಡಿಯ ದಾರಿಯಲ್ಲಿ, ಒಂದು ಲಾಡ್ಜಿನ ಮುಂದೆ ಕೌದಿಗಳನ್ನು ಹರಡಿದೆವು. ಟೀಚರ್ ಮೆಲ್ಲಗೆ ಹೇಳಿದಳು: "ಉಡಿ ಸುದ್ದಿ ಯಾಕ ಹೇಳ್ಬೇಕ್ರಿ? ಕೌದಿ ಮ್ಯಾಲ ಬರ್ದೈತೇನು?"

"ಹೇಳದಂಗ ಮಾರಿದ್ರ ನಾವೂ ಅಕಿನ್ನ ಸುಮ್ಮ ಕಾಶಿಗಿ ಕಳಿಸ್ದಂಗ ಆಗ್ತದ" ಎಂದೆ.

ಆಳಂದದ ಕಡೆಯ ಒಬ್ಬ ಹೆಣ್ಣುಮಗಳು ಕೆಂಪು ಕೌದಿ ಎತ್ತಿಕೊಂಡಳು. ಮಗಳ ಬಾಣಂತನಕ್ಕೆ ಬೇಕಿತ್ತು. ಉಡಿ ಯಾರು ತುಂಬಿದ್ದೆಂದು ಅವಳು ಕೇಳಿಯೇಬಿಟ್ಟಳು. ಹೇಳಿದೆ. ಅವಳು ಜಗಳವಾಡಲಿಲ್ಲ. ಮಡಿಕೆ ಕೆಡದಂತೆ ಮೆಲ್ಲಗೆ ಕೆಳಗಿಟ್ಟು ಹೋದಳು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಆಮೇಲೆ ಬಂದವರೂ ಮುಟ್ಟಿ ನೋಡಿ ಹೋದರು. ಟೀಚರ್ ನನ್ನ ಕಡೆ ನೋಡುವುದನ್ನು ಬಿಟ್ಟಳು.

ಮಧ್ಯಾಹ್ನವಾಯಿತು. ಅಲ್ಲಿ ಅದು ಮಾಧುಕರಿಯ ಹೊತ್ತು. ಬಂದ ಯಾತ್ರಿಕರು ಮನೆ ಮನೆಯ ಮುಂದೆ ಜೋಳಿಗೆ ಹಿಡಿದು ಭಿಕ್ಷೆ ಬೇಡುತ್ತಾರೆ. ಸ್ವತಃ ದತ್ತನೇ ವೇಷ ಮರೆಸಿ ಅವರ ನಡುವೆ ಬರುತ್ತಾನೆಂದು ನಂಬಿಕೆ, ಅದಕ್ಕೆ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಕೊರಳಲ್ಲಿ ಬಂಗಾರದ ಸರ ಹಾಕಿದ ಒಬ್ಬ ಮನುಷ್ಯ ನಮ್ಮ ಎದುರಿನ ಬಾಗಿಲಲ್ಲಿ ನಿಂತು, ದೊಡ್ಡ ದನಿಯಲ್ಲಿ ಭಿಕ್ಷೆ ಕೇಳಿದ. ಸಿಕ್ಕ ಒಂದು ತುಣುಕು ರೊಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡ. ಅಂಥವನು ನಾಚದ ಊರಿನಲ್ಲಿ ನನಗೇನು ನಾಚಿಕೆ? ಎದ್ದು ನಿಂತೆ.

"ಕೌದಿ ತಗೋರಿ. ಗಂಡ ಸತ್ತ ಇಬ್ರು ಹೆಣ್ಮಕ್ಳು ಉಡಿ ತುಂಬಿದ ಕೌದಿ. ಈ ಹುಡುಗಿ ಗಾಡಿ ಲೈಸೆನ್ಸಿಗಿ ಮಾರಾಕತ್ತೇವಿ, ತಗೋರಿ."

ಆ ದನಿ ನನ್ನದೇ. ಟೀಚರ್ ಬಾಯಿ ತೆರೆದು ನೋಡುತ್ತಿದ್ದಳು.

ಸೊಲ್ಲಾಪುರದ ಕಡೆಯ ಒಬ್ಬ ಮುದುಕಿ ನಿಂತಳು. ಬರಿಯ ಹಣೆ, ಬರಿಯ ಕೈ. ನಾನು ಹೇಳಿದ್ದನ್ನು ಅವಳ ಜೊತೆಯವಳು ಮರಾಠಿಯಲ್ಲಿ ತಿಳಿಸಿದಳು. ಮುದುಕಿ ಕೂತು, ಕೆಂಪು ಕೌದಿಯ ನಡುವೆ ಬೆರಳಾಡಿಸಿ ಕಾಳು ಹುಡುಕಿದಳು. "ಮಲಾ ಹೀಚ್ ಪಾಹಿಜೆ" ಎಂದಳು, ನನಗೆ ಇದೇ ಬೇಕು ಎಂದು. ಹಣ ಕೊಟ್ಟು, ಅದನ್ನು ಅಲ್ಲೇ ಹೆಗಲಿಗೆ ಹೊದ್ದುಕೊಂಡು ಗುಡಿಯ ಕಡೆ ನಡೆದಳು. ಅವಳನ್ನು ನೋಡಿ ಇನ್ನಿಬ್ಬರು ಬಂದರು. ಕತ್ತಲಾಗುವುದರೊಳಗೆ ಒಂದು ಬಿಟ್ಟು ಎಲ್ಲವೂ ಹೋದವು.

ಊರಿಗೆ ಬಂದು, ಉಳಿದ ಒಂದನ್ನು ಅವ್ವನ ಮುಂದಿಟ್ಟೆ. "ಇದ್ಯಾಕ ಉಳೀತು?" ಎಂದಳು. "ಗಾಲಿ ದೊಡ್ಡುವ್ರಿ, ಟ್ರ್ಯಾಕ್ಟರ್ ಅಂತ ಯಾರೂ ಒಯ್ಲಿಲ್ಲ" ಎಂದಳು ಆ ಹುಡುಗಿ. ಅವ್ವ ನಗದೆ ಇರಲು ನೋಡಿದಳು, ಆಗಲಿಲ್ಲ. ಬೆಲೆ ಕೇಳಿ, ಸೊಂಟದ ಚೀಲದಿಂದ ಹಣ ತೆಗೆದು ಎಣಿಸದೆ ಟೀಚರ್ ಕೈಗಿಟ್ಟಳು. ಕೌದಿಯನ್ನು ಒಳಗೆ ಒಯ್ದು ತನ್ನ ಮಂಚದ ಮೇಲೆ ಹಾಸಿದಳು. ಉಡಿಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಲೈಸೆನ್ಸ್ ಬಂದ ದಿನ ಆ ಹುಡುಗಿ ಟಂಟಂ ತಂದು ನಮ್ಮ ಓಣಿಯಲ್ಲಿ ನಿಲ್ಲಿಸಿದಳು. ಟೀಚರ್ ಅವಳ ಫೋಟೋ ತೆಗೆದು ಚಾನೆಲ್‌ಗೆ ಕಳಿಸುವಾಗ, ಕೆಳಗೆ ಏನು ಬರೆಯಲಿ ಎಂದು ನನ್ನನ್ನು ಕೇಳಿದಳು. "ನಿಮ್ಮ ಅತ್ತಿಗೆ ನಮ್ಮಲ್ಲಿದ್ದಾಳೆ, ಲೈಸೆನ್ಸ್ ಸಿಕ್ಕಿದೆ. ಬೇಕಾದರೆ ಬಂದು ಕರೆದುಕೊಂಡು ಹೋಗಿ" ಎಂದು ಬರೆಸಿದೆ. ಇದುವರೆಗೆ ಉತ್ತರ ಬಂದಿಲ್ಲ. ಬರುವವರೆಗೆ ನಾನು ಆ ಚಾನೆಲ್ ನೋಡುವುದಿಲ್ಲ, ನೀವು ಎಷ್ಟು ನಕ್ಕರೂ ಸರಿ.

ಈ ಸಲ ಜೇವರ್ಗಿಯಲ್ಲಿ ಬಸ್ ಇಳಿದ ಮೇಲೆ ನನಗೆ ಫೋನ್ ಮಾಡಬೇಡಿ. ಹಿಂದಿನ ಗಾಜಿನ ಮೇಲೆ ದೊಡ್ಡ ಗಾಲಿಯ ಹಳದಿ ಆಟೋ ಚಿತ್ರ ಅಂಟಿಸಿದ ಟಂಟಂ ನಿಂತಿರುತ್ತದೆ, ಅದರಲ್ಲೇ ಬನ್ನಿ. ನನ್ನ ಮೊಮ್ಮಕ್ಕಳೆಂದು ಅವಳು ಹಣ ಬೇಡ ಅನ್ನುತ್ತಾಳೆ. ಅವಳ ಮಾತು ಕೇಳಬೇಡಿ, ಕೊಟ್ಟೇ ಇಳಿಯಿರಿ.