ಹದ್ದಿನ ಕೆಳಗಿನ ಹೂಗಳು

ಕಡಲಾಚೆ ಸ್ಪೇನಿನ ಆಳ್ವಿಕೆಯಲ್ಲಿದ್ದ ಕುಮಾನಾ ಊರಿನಲ್ಲಿ ದೊರೆಯ ಬಾವುಟ ಹೊಲಿಯುವುದು ಕಸಿಲ್ದಾಳ ಮನೆಯ ಕಸುಬು. ಸ್ಪೇನಿನ ದೊರೆ ಮಕ್ಕಳಿಲ್ಲದೆ ಸತ್ತು ಫ್ರಾನ್ಸಿನ ಫಿಲಿಪ್ಪ ಪಟ್ಟಕ್ಕೇರಿದಾಗ ಕೆಂಪು ರೇಷ್ಮೆಯ ನಡುವೆ ಅವನ ಮನೆತನದ ಗುರುತಾದ ಮೂರು ಲಿಲ್ಲಿ ಹೂ ಹೊಲಿದವಳು ಅವಳೇ. ಆಮೇಲೆ ಇಂಗ್ಲಿಷರ ಹಡಗುಗಳು ಬಂದು ರೇವಿನಲ್ಲಿ ನಿಂತವು. ಬೆಳಗಾಗುವುದರೊಳಗೆ ಊರಿನ ದೊಡ್ಡವರು ಅದೇ ಪಟ್ಟಕ್ಕಾಗಿ ಇಂಗ್ಲಿಷರು ಎತ್ತಿಕಟ್ಟಿದ್ದ ಆಸ್ಟ್ರಿಯದ ಕಾರ್ಲೋಸನೇ ನಮ್ಮ ದೊರೆ ಅಂದರು. ಸಮುದ್ರಕ್ಕೆ ಹೋಗಿದ್ದ ಅವಳ ಮಗ ಲಿಬೋರಿಯೊಗೆ ಅದು ತಿಳಿದಿರಲಿಲ್ಲ. ಹೆಂಡದಂಗಡಿಯಲ್ಲಿ ಎಂದಿನಂತೆ ಫಿಲಿಪ್ಪನಿಗೆ ಜಯ ಹೇಳಿ ಸೆರೆಮನೆ ಸೇರಿದ.

ಮೆರವಣಿಗೆಯಲ್ಲಿ ದೊರೆಯ ಬಾವುಟ ಹಿಡಿಯುವ ಹಕ್ಕು ಊರಿನ ದೊಡ್ಡವರಲ್ಲೊಬ್ಬನಾದ ದೋನ್ ಉರ್ರೂತಿಯಾನದು. ಅವನೇ ಬಾಗಿಲಿಗೆ ಬಂದ.

“ಹೂ ಕಿತ್ತು ಆಸ್ಟ್ರಿಯದ ಎರಡು ತಲೆ ಹದ್ದು ಹೊಲಿ. ಭಾನುವಾರ ಹೊಸ ದೊರೆಗೆ ಪ್ರಮಾಣ. ಬಾವುಟ ಸರಿಯಾಗಿ ಬಂದ್ರೆ ಅವತ್ತೇ ನಿನ್ ಮಗನ್ನ ಬಿಡ್ತೀವಿ.”

“ಈ ದೊರೆನಾದ್ರೂ ನಿಲ್ತಾನಾ ಒಡೆಯಾ? ನಂಗೆ ಕಣ್ಣು ಮಂಜು.”

“ಬಾಯಿನೂ ಹೊಲ್ಕೊ” ಎಂದು ನಕ್ಕು ಹೋದ.

ಹೂವಿನ ದಾರ ಬಿಚ್ಚಹೊರಟರೆ ರೇಷ್ಮೆಯೇ ಸೀಳತೊಡಗಿತು. ತೂತು ಬಿದ್ದ ಬಾವುಟಕ್ಕೆ ಮಗನನ್ನು ಯಾರು ಬಿಟ್ಟಾರು? ಹೂಗಳ ಮೇಲೆಯೇ ತೆಳು ರೇಷ್ಮೆಯ ಹದ್ದನ್ನು ಕೂರಿಸಿದಳು. ಹಳೆಯ ಗುರುತಿನ ಮೇಲೆ ಹೊಸದನ್ನು ಹೊದಿಸುವುದು ಅವಳ ಅವ್ವ ಕಲಿಸಿದ ಕೆಲಸ. ಮನೆಯ ಮಬ್ಬಿನಲ್ಲಿ ಕೆಳಗಿನ ಹೂ ಕಾಣಲಿಲ್ಲ.

ಭಾನುವಾರ ಚೌಕದ ಕಟ್ಟೆಗೆ ಲಿಬೋರಿಯೊನನ್ನು ಕೈಕಟ್ಟಿ ತಂದರು. ಮೂರನೆಯ ಸಲ ದೊರೆಯ ಹೆಸರು ಕೂಗಿದೊಡನೆ ಹಗ್ಗ ಬಿಚ್ಚುವ ಮಾತು. ಉರ್ರೂತಿಯಾ ಎರಡು ಸಲ ಕೂಗಿದ. ಮೂರನೆಯ ಸಲ ಬಾವುಟ ಎತ್ತಿದಾಗ ಮೋಡ ಸರಿದು ಹಿಂದಿನಿಂದ ಬಿಸಿಲು ಬಿತ್ತು. ಹದ್ದಿನ ಹೊಟ್ಟೆಯಲ್ಲಿ ಮೂರು ಹೂಗಳು ಎದ್ದು ಕಂಡವು.

“ಹದ್ದು ಬಸುರಿ ಕಣ್ರೋ” ಎಂದ ಯಾವನೋ. ಜನ ನಕ್ಕರು. ಉರ್ರೂತಿಯಾ ನಗಲಿಲ್ಲ.

ಕಸಿಲ್ದಾ ಅವನ ಕಾಲು ಹಿಡಿದಳು. “ಬಟ್ಟೆ ಹರೀತಿತ್ತು ಒಡೆಯಾ. ಅಷ್ಟೇ.”

“ಮಗ ಕೂಗ್ತಾನೆ, ಅವ್ವ ಹೊಲೀತಾಳೆ. ಚೆನ್ನಾಗಿದೆ ಮನೆ.”

“ಅವ್ವಾ, ಎದ್ದೇಳು. ಅವ್ನ ಕಾಲು ಬಿಡು” ಎಂದ ಲಿಬೋರಿಯೊ. ಅದೇ ಕಟ್ಟೆಯ ಮೇಲೆ ಅವನನ್ನು ನೇಣಿಗೆ ಹಾಕಿದರು. ಅವಳನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿದ್ದರು.

ಕೆಲವು ವರ್ಷಗಳಲ್ಲಿ ಇಂಗ್ಲಿಷರು ಹೋದರು, ಫಿಲಿಪ್ಪನ ಹಡಗುಗಳು ಬಂದವು. ಉರ್ರೂತಿಯಾ ಅದೇ ಬಾವುಟ ಹಿಡಿದುಕೊಂಡು ಮತ್ತೆ ಬಾಗಿಲಿಗೆ ಬಂದ.

“ಕಷ್ಟಕಾಲದಲ್ಲೂ ಫಿಲಿಪ್ಪ ದೊರೆನ ಬಿಡದಿದ್ದ ಮನೆ ನಿಂದು. ನಿನ್ ಮಗನ ಹೆಸರಲ್ಲಿ ಇಗರ್ಜೀಲಿ ಪೂಜೆ ಮಾಡಿಸ್ತೀವಿ. ಹದ್ದು ತೆಗೆದ್ಬಿಡಮ್ಮ. ಹೂ ಹೇಗೂ ಕೆಳಗೇ ಇದೆಯಲ್ಲ.”

“ಬಟ್ಟೆ ಹರೀತಿತ್ತು ಒಡೆಯಾ, ಅದಕ್ಕೇ ಹಾಗೆ ಹೊಲ್ದೆ.”

“ಅದನ್ನ ಇನ್ಯಾರ ಮುಂದೆನೂ ಹೇಳ್ಬೇಡ.”

ಅವನು ಅಲ್ಲೇ ಕೂತು ಕಾದ. ಅವಳು ದಾರ ಬಿಚ್ಚಿದಳು. ಹದ್ದು ಸಲೀಸಾಗಿ ಬಿಚ್ಚಿಕೊಂಡಿತು. ಬಟ್ಟೆ ಎಲ್ಲೂ ಹರಿಯಲಿಲ್ಲ.

“ಈ ಹದ್ದನ್ನೇನು ಮಾಡ್ಲಿ?”

ಉರ್ರೂತಿಯಾ ಬಾವುಟ ಮಡಚಿಕೊಳ್ಳುತ್ತ ಅಂದ: “ಇಟ್ಕೊಂಡಿರು. ಬೇಕಾದೀತು.”