ಸೆಲ್ಲಿಗೆ ಹಚ್ಚಿದ ವಿಭೂತಿ

ಮುಂಡರಗಿ ಬಸ್‌ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಚಾಚಾನಿಗೆ ಮಾತಾಡುವುದೆಂದರೇ ಆಯಾಸ. ಯಾರು ಏನೇ ಹೇಳಲಿ, ಕಣ್ಣೆತ್ತದೆ ಕೈ ಚಾಚಿ ಒಂದೇ ಮಾತು ಅನ್ನುತ್ತಿದ್ದ: "ಮೊದಲ ಸೆಲ್ ನೋಡೂಣು." ಜನ ಸೆಲ್ಲುಗಳನ್ನು ತಿರುವುಮುರುವಾಗಿ ಹಾಕಿರುತ್ತಿದ್ದರು. ಇಲ್ಲವೇ ಮುಗಿದ ಸೆಲ್ಲುಗಳನ್ನು ಮಾಳಿಗೆಯ ಬಿಸಿಲಿಗೆ ಕಾಯಿಸಿ ಮತ್ತೆ ತುರುಕಿರುತ್ತಿದ್ದರು.

ಎಂಬತ್ತರ ಸುಮಾರಿಗೆ, ದಸರೆ ಮುಗಿದ ವಾರ, ಕೆಟ್ಟ ರೇಡಿಯೋ ಹಿಡಿದು ಅಲ್ಲಿ ಕಾಯುತ್ತಿದ್ದೆ. ಹಿರೇವಡ್ಡಟ್ಟಿಯ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಟ್ರಾನ್ಸಿಸ್ಟರ್ ಸುತ್ತಿಕೊಂಡು ಬಂದಳು.

"ಹೊಸಾ ಸೆಲ್ ಹಾಕೀನ್ರಿ, ಆದ್ರೂ ಚಾಲೂ ಆಗವಲ್ದು. ನಮ್ಮ ಮನಿಯವರು ಹಾಸಿಗಿ ಹಿಡದಾರ್ರಿ. ಇದು ನಿಂತಾಗಿಂದ ಅವರೂ ಮಾತಾಡವಲ್ರು."

"ಮೊದಲ ಸೆಲ್ ನೋಡೂಣು."

ಮುಚ್ಚಳ ತೆಗೆದರೆ, ಪ್ರತಿ ಸೆಲ್ಲಿನ ಎರಡೂ ತುದಿಗೆ ವಿಭೂತಿ ಗಟ್ಟಿಯಾಗಿ ಒಣಗಿತ್ತು. ಕರೆಂಟು ಹಾಯಲು ಜಾಗವೇ ಇರಲಿಲ್ಲ.

"ಆಯುಧ ಪೂಜಾಕ್ಕ ಹಚ್ಚಿದ್ನಿರಿ," ಎಂದಳು. "ಇದರ ಜೀವ ಇರೂದು ಅದರಾಗ ಅಲ್ಲೇನ್ರಿ?"

ಚಾಚಾ ನಿಟ್ಟುಸಿರು ಬಿಟ್ಟ. ಬೈಯುತ್ತಾನೆ ಅಂದುಕೊಂಡೆ. ಮೊಣಕಾಲ ಮೇಲೆ ಮಸಿಬಟ್ಟೆ ಇತ್ತು, ಅದನ್ನು ಮುಟ್ಟಲಿಲ್ಲ. ಒಂದೊಂದೇ ತುದಿಯನ್ನು ಉಗುರಿನಿಂದ ಕೆರೆದು ಪುಡಿಯನ್ನು ಅಂಗೈಯಲ್ಲಿ ಕೂಡಿಸಿಕೊಂಡ. ಸೆಲ್ ಹಾಕಿ ಗುಂಡಿ ತಿರುವಿದ. ರೇಡಿಯೋ ಗೊರಗೊರ ಅಂದು ಹಾಡತೊಡಗಿತು.

"ಏನಾಗಿತ್ರಿ?"

"ಏನಿಲ್ಲವ್ವಾ. ಅದಕ್ಕೂ ದಣಿವಾಗಿತ್ತು."

ಆಮೇಲೆ ಅಂಗೈಯ ಪುಡಿಗೆ ಒಂದು ಹನಿ ನೀರು ಹಾಕಿ ಕಲಸಿ, ರೇಡಿಯೋದ ನೆತ್ತಿಯ ಮೇಲೆ ಮೂರು ಬೆರಳಿನಿಂದ ಗೆರೆ ಎಳೆದ.

"ಮುಂದಿನ ವರ್ಷ ಇಲ್ಲೆ ಹಚ್ಚರಿ," ಎಂದು ಅವಳ ಕೈಗೆ ಕೊಟ್ಟು, ಕಣ್ಣೆತ್ತದೆ ನನ್ನತ್ತ ಕೈ ಚಾಚಿದ.